ಚೀಟಿ ಎತ್ತಿ ಹಂಚಿದ ನೆರೆಹೊರೆ

ಪುನರ್ವಸತಿ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಮ್ಮ ನಾಜ್ಮಿಯೆ ಅಕ್ಕ ಸೊಂಟ ಮುರಿದುಕೊಂಡು ಇಡೀ ಒಂದು ದಿನ ನೀವು ಕಟ್ಟಿಸಿಕೊಟ್ಟ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಈಗ ಆಕೆಯ ಮನೆಯ ವಿದ್ಯುತ್ತನ್ನೂ ಕಡಿಸಿದ್ದೀರಿ. ಮೊದಲನೆಯದು ನಿಮ್ಮ ಕೈಮೀರಿ ಆಯಿತೆಂದೇ ಇಟ್ಟುಕೊಳ್ಳೋಣ. ಎರಡನೆಯದಕ್ಕೆ ನಿಮ್ಮದೇ ಸಹಿ ಇದೆಯಲ್ಲ?

ಅಣೆಕಟ್ಟೆಗೆಂದು ಹಳೆಯ ಊರನ್ನು ನೀರಿಗೆ ಒಪ್ಪಿಸಿ ನಾವು ಗುಡ್ಡದ ಮೇಲಿನ ಈ ಹೊಸ ಊರಿಗೆ ಬಂದೆವು. ಮನೆಗಳು ಚೆನ್ನಾಗಿಯೇ ಇವೆ. ಗೋಡೆ ಸೋರುವುದಿಲ್ಲ, ಬಾಗಿಲು ಕಿರುಗುಟ್ಟುವುದಿಲ್ಲ. ಕೆಳಗೆ ಬಿಟ್ಟುಬಂದ ಆಲಿವ್ ಮರಗಳ ಬದಲಿಗೆ ಪ್ರತಿ ಮನೆಯ ಮುಂದೆ ಮೊಣಕಾಲೆತ್ತರದ ಒಂದೊಂದು ಸಸಿಯನ್ನೂ ನೆಡಿಸಿದ್ದೀರಿ. ಅದು ಕಾಯಿ ಬಿಡುವ ಹೊತ್ತಿಗೆ ನಮ್ಮಲ್ಲಿ ಎಷ್ಟು ಮಂದಿ ಇರುತ್ತೇವೋ, ಇರಲಿ. ಆದರೆ ಯಾರ ಪಕ್ಕದಲ್ಲಿ ಯಾರು ಬದುಕಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದಿರಿ. ಪಕ್ಷಪಾತ ಆಗಬಾರದೆಂಬ ಕಾಳಜಿಯಂತೆ. ನಿಮ್ಮ ನ್ಯಾಯಕ್ಕೆ ಕೈ ಮುಗಿಯಬೇಕು: ಎಲ್ಲರನ್ನೂ ಸಮನಾಗಿ ಒಂಟಿ ಮಾಡಿದಿರಿ.

ನಾಜ್ಮಿಯೆ ಅಕ್ಕ ಯಾರೆಂದು ತಮಗೆ ತಿಳಿಯದು, ಹೇಳುತ್ತೇನೆ. ನಾನು ಮದುವೆಯಾಗಿ ಬಂದಾಗಿನಿಂದ ಅವಳಿಗೂ ನನಗೂ ಒಂದೇ ಅಂಗಳ, ಒಂದೇ ರೊಟ್ಟಿಯ ಒಲೆ. ನನ್ನ ಎರಡೂ ಹೆರಿಗೆ ಮಾಡಿಸಿದವಳು ಅವಳು. ಅವಳ ಗಂಡ ತೀರಿಕೊಂಡಾಗ ನಲವತ್ತು ದಿನ ಅವಳ ಮನೆಗೆ ಸಾರು ಹೊತ್ತವಳು ನಾನು. ಮಕ್ಕಳಿಲ್ಲ, ಕಣ್ಣು ಮಂಜು, ಕಿವಿಯೂ ಅಷ್ಟಕ್ಕಷ್ಟೆ. ನಿಮ್ಮ ಚೀಟಿ ಅವಳನ್ನು ಊರಿನ ಆ ತುದಿಗೆ ಎಸೆಯಿತು. ನನ್ನ ಪಕ್ಕದ ಮನೆ ಮಿನಿಬಸ್ ಓಡಿಸುವ ರುಸ್ತೆಮನಿಗೆ ಬಂತು. ಅವನು ಒಂಟಿ ಜೀವ, ರಾತ್ರಿ ಮಲಗುವುದಕ್ಕಷ್ಟೇ ಮನೆಗೆ ಬರುವವನು.

ಮನೆಗಳೆಲ್ಲ ಒಂದೇ ಅಚ್ಚಿನವಾದ್ದರಿಂದ ಅಕ್ಕ ಮೊದಲ ವಾರವೇ ಬೇರೆಯವರ ಮನೆಗೆ ಹೊಕ್ಕು, ಅವರ ಸೋಫಾದ ಮೇಲೆ ಕೂತು, ಇವರೆಲ್ಲ ನನ್ನ ಮನೆಗೆ ಯಾಕೆ ಬಂದಿದ್ದಾರೆಂದು ಕೇಳಿದಳು. ಊರೆಲ್ಲ ನಕ್ಕಿತು. ಅವಳೂ ನಕ್ಕಳು. ಆಮೇಲೆ ಹೊರಗೆ ಕಾಲಿಡುವುದನ್ನೇ ಬಿಟ್ಟಳು.

ಮನೆ ಬದಲಾಯಿಸಿಕೊಳ್ಳೋಣವೇ ಎಂದು ರುಸ್ತೆಮನನ್ನು ಕೇಳಿದೆ. "ನಂಗೇನು ಅತ್ತಿಗೆ, ಹಾಸಿಗೆ ಎಲ್ಲಿದ್ರೂ ಗೊರಕೆ ಅದೇ" ಅಂದ. ಮೂವರೂ ಅವನ ಬಸ್ಸಿನಲ್ಲೇ ತಮ್ಮ ಕಚೇರಿಗೆ ಬಂದೆವು. ತಾವು ಕಡತದಿಂದ ತಲೆ ಎತ್ತದೆ ಕೇಳಿದ್ದು ನೆನಪಿದೆಯೇ?

"ಅಜ್ಜಿ, ಮನೆಗಳೆಲ್ಲ ಒಂದೇ ಥರ ಇವೆ. ಬದಲಾಯಿಸೋಕೆ ಅದರಲ್ಲೇನಿದೆ?"

ಅಕ್ಕ ನನ್ನತ್ತ ಕೈ ತೋರಿಸಿ ಹೇಳಿದಳು: "ಮನೆ ಎಲ್ಲಾ ಒಂದೇ ಥರ ಇದಾವಪ್ಪ. ಮೆಲಿಹಾ ಮಾತ್ರ ಇರೋದು ಒಬ್ಬಳೇ."

ತಾವು ನಕ್ಕು, ಹಂಚಿಕೆ ಮುಗಿದಿದೆ, ತಿದ್ದುಪಡಿಗೆ ಅವಕಾಶವಿಲ್ಲ ಎಂದಿರಿ. ಸ್ವಾಮಿ, ಎಲ್ಲವೂ ಒಂದೇ ಥರ ಇದ್ದರೆ ಅದಲು ಬದಲು ಮಾಡುವುದರಿಂದ ಸರ್ಕಾರದ ಗಂಟೇನು ಹೋಗುತ್ತಿತ್ತು?

ಚಳಿಗಾಲದಲ್ಲಿ ಅಕ್ಕ ಬಿದ್ದಳು. ಅವಳ ಗೋಡೆಯಾಚೆ ಇರುವವರು ಬೇರೊಂದು ಹಳ್ಳಿಯಿಂದ ಬಂದವರು, ಒಳ್ಳೆಯ ಜನ. ಕೂಗು ಅವರಿಗೆ ಕೇಳಿಸಿತ್ತು, ಟಿವಿ ಇರಬೇಕೆಂದುಕೊಂಡರು. ಆ ದನಿ ಯಾರದೆಂದು ಅವರಿಗೆ ಹೇಗೆ ತಿಳಿಯಬೇಕು? ಆಮೇಲೆ ಆ ಮನೆಯಾಕೆ ನನ್ನ ಮುಂದೆ ಕೂತು ಅತ್ತಳು. ಅವಳನ್ನು ಯಾವ ಬಾಯಿಂದ ಬಯ್ಯಲಿ?

ಮರುದಿನ ಬೆಳಿಗ್ಗೆ ಮೊಸರಿನ ಗಂಜಿ ಹಿಡಿದು ಹೋದವಳು ನಾನು. ಅಕ್ಕನ ತುಟಿ ನೀಲಿಗಟ್ಟಿತ್ತು. ಕಂಬಳಿ ಹೊದಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ನಿನ್ನನ್ನೇ ಕೂಗ್ತಿದ್ದೆ ಕಣೆ," ಅಂದಳು. "ನಿನಗೆ ಕೇಳಿಸಲ್ಲ ಅಂತ ಗೊತ್ತಿತ್ತು. ಬೇರೆ ಯಾರ ಹೆಸರೂ ಬಾಯಿಗೆ ಬರಲಿಲ್ಲ."

ಅವಳು ಆಸ್ಪತ್ರೆಯಿಂದ ಬರುವ ದಿನ ರುಸ್ತೆಮ ಯಾರನ್ನೂ ಕೇಳಲಿಲ್ಲ. ತನ್ನ ಹಾಸಿಗೆ ಸುತ್ತಿ ಬಸ್ಸಿನ ಮೇಲೆ ಹೇರಿಕೊಂಡು ಆ ತುದಿಗೆ ಹೋದ, ಅಕ್ಕನ ಮಂಚ ಇಲ್ಲಿಗೆ ತಂದ. ಅಂದಿನಿಂದ ಅವಳು ನನ್ನ ಪಕ್ಕದಲ್ಲಿದ್ದಾಳೆ. ಬೆಳಿಗ್ಗೆ ಗೋಡೆ ಬಡಿದರೆ ಚಹಾ ಎಂದರ್ಥ, ಎರಡು ಸಲ ಬಡಿದರೆ ಜಗಳಕ್ಕೆ ಕರೆಯುತ್ತಿದ್ದಾಳೆ ಎಂದರ್ಥ.

ಕಚೇರಿ ಕೊನೆಗೂ ಎಚ್ಚೆತ್ತಿತು. ಒಂಟಿ ಹೆಂಗಸು ಬಿದ್ದಾಗ ಬಾರದಿದ್ದ ನಿಮ್ಮ ಜೀಪು, ಮನೆಯಲ್ಲಿರುವವರೂ ದಾಖಲೆಯಲ್ಲಿರುವವರೂ ಬೇರೆ ಬೇರೆ ಎಂದು ತಿಳಿದಾಗ ತಕ್ಷಣ ಬಂತು. ನಿಮ್ಮವರು ಎರಡೂ ಮನೆಗಳ ವಿದ್ಯುತ್ ಕಡಿದು, ಎಲ್ಲರೂ ತಂತಮ್ಮ ಮನೆಗೆ ಹಿಂತಿರುಗತಕ್ಕದ್ದು ಎಂದು ಬಾಗಿಲಿಗೆ ಆದೇಶ ಅಂಟಿಸಿ ಹೋದರು. ನನ್ನ ಮನೆಯಿಂದ ತಂತಿ ಎಳೆದು ಅಕ್ಕನ ಕೋಣೆಗೊಂದು ದೀಪ, ಒಂದು ಹೀಟರು ಕೊಟ್ಟಿದ್ದೇನೆ. ಅದೂ ಅಪರಾಧವೇ ಇರಬೇಕು, ಬರೆದುಕೊಳ್ಳಿ.

ನಮಗೆ ಪರಿಹಾರ ಬೇಡ, ಸಹಾನುಭೂತಿ ಬೇಡ, ಇನ್ನೊಂದು ಸಸಿಯೂ ಬೇಡ. ವಿದ್ಯುತ್ ಕೊಡಿಸಿ. ಅಕ್ಕನೂ ರುಸ್ತೆಮನೂ ಈಗಿರುವ ಮನೆಗಳನ್ನು ಅವರವರ ಹೆಸರಿಗೆ ಬರೆಯಿರಿ. ಹೀಗೆಯೇ ಬೇರ್ಪಟ್ಟು ಕಣ್ಣೀರು ಹಾಕುತ್ತಿರುವ ಉಳಿದವರಿಗೂ ಒಪ್ಪಿಗೆಯಿಂದ ಮನೆ ಬದಲಾಯಿಸಿಕೊಳ್ಳಲು ಬಿಡಿ. ನಿಮ್ಮ ಮಾತಿಗೆ ಒಂದು ಸಲ ಊರನ್ನೇ ಬಿಟ್ಟಿದ್ದೇವೆ. ಇನ್ನು ಕದಲುವುದಿಲ್ಲ. ಜನರನ್ನು ಎತ್ತಿಡುವುದಕ್ಕಿಂತ ಕಡತದಲ್ಲಿ ಎರಡು ಹೆಸರು ತಿದ್ದುವುದು ಸುಲಭ. ಈ ಬಾರಿ ಆ ಶ್ರಮ ನಿಮ್ಮದಾಗಲಿ.

ಇಂತಿ,
ಚೀಟಿಯಲ್ಲಿ ಮನೆ ಗೆದ್ದು, ನೆರೆಯವಳನ್ನು ಕದ್ದು ತಂದವಳು,
ಮೆಲಿಹಾ