ಮೆತ್ತೆ ಸರಿಸಿದ ಮಧ್ಯಾಹ್ನ

ಲಾಸ್ ಏಂಜಲೀಸ್
14 ಮೇ 1935

ಲೆನೋರಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಆ ಮಾತು ಬರೆಯುವ ಹಕ್ಕು ನನಗಿದೆಯೋ ಇಲ್ಲವೋ, ಪತ್ರ ಓದಿದ ಮೇಲೆ ನೀನೇ ಹೇಳು. ನೀನು ಸ್ಟಾಕ್‌ಟನ್ನಿನಲ್ಲಿ ಮಕ್ಕಳಿಗೆ ಕುಣಿತ ಕಲಿಸುತ್ತಿದ್ದೀ ಎಂದು ವಿಳಾಸ ಕೊಟ್ಟವನು ಹ್ಯೂಗೋ. ನಮ್ಮ ಕ್ಯಾಮೆರಾ ತಿರುಗಿಸುತ್ತಿದ್ದ ಅವನ ಕೈ ಈಗ ನಡುಗುತ್ತದೆ. ಬೈಗುಳಕ್ಕೆ ಮಾತ್ರ ಏನೂ ಕಮ್ಮಿಯಿಲ್ಲ.

ಕಳೆದ ತಿಂಗಳು ಇಲ್ಲಿನ ಒಂದು ಶಾಲೆಯವರು ಹಳೆಯ ಮೂಕಿ ಚಿತ್ರಗಳನ್ನು ತೋರಿಸಿದರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಈ ದೇಶಕ್ಕೆ ನಗುವುದನ್ನು ಕಲಿಸಿದವರು ಓವನ್ ಪ್ರಾಸರ್ ಎಂದು ಹೊಗಳಿದರು. ಮಾತಿನ ಚಿತ್ರ ಬಂದು ನನ್ನ ಕಂಪನಿ ಮುಳುಗಿ ಆರು ವರ್ಷವಾಯಿತು. ಯಾರಾದರೂ ನನ್ನ ಹೆಸರು ಸರಿಯಾಗಿ ಹೇಳಿದರೆ ಸಾಕು ಎನ್ನುವ ಸ್ಥಿತಿ ನನ್ನದು. ಉಬ್ಬಿಹೋದೆ. ಆಮೇಲೆ ಅವರು ಹಾಕಿದ್ದು ಬಾರ್ನಿ ಮದುಮಗನಾಗಿ ಸೂರಿನಿಂದ ಬೀಳುವ ಆ ಚಿತ್ರ.

ಹತ್ತೊಂಬತ್ತು ವರ್ಷ ನಾನು ಅದನ್ನು ನೋಡಿರಲಿಲ್ಲ. ಬಾರ್ನಿ ಬಿದ್ದ. ಮಕ್ಕಳು ಬೆಂಚು ಬಡಿದು ನಕ್ಕರು. ಬಿದ್ದ ಮೇಲೆ ಅವನ ಬಲಗೈ ಎದ್ದು ಗಾಳಿಯಲ್ಲಿ ತಡಕಾಡುತ್ತದೆ. ಅದಕ್ಕೆ ಇನ್ನೂ ಜೋರು ನಗು. ಆ ಕೈ ಯಾವ ಕಡೆಗೆ ಚಾಚಿತ್ತು ಎಂದು ಅವತ್ತೇ ಮೊದಲ ಸಲ ಗಮನಿಸಿದೆ. ಮದುಮಗಳ ಉಡುಪಿನಲ್ಲಿ ನೀನು ನಿಂತಿದ್ದ ಕಡೆಗೆ. ನಾನು ಟೋಪಿ ಎತ್ತಿಕೊಂಡು ಎದ್ದು ಬಂದೆ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಸಹಿಸಿಕೋ. ಅಲ್ಲಿಂದ ಹೊರಟರೇ ಗೊತ್ತಿಲ್ಲದ್ದನ್ನು ಬರೆಯುವ ಧೈರ್ಯ ಬರುತ್ತದೆ.

ಬಾರ್ನಿ ಟೂಹಿ ಇಲ್ಲದಿದ್ದರೆ ನಾನು ಯಾರೂ ಅಲ್ಲ. ನಾನು ಸ್ಕ್ರ್ಯಾಂಟನ್ನಿನ ಕಲ್ಲಿದ್ದಲು ಗಣಿಯಿಂದ ಓಡಿಬಂದು ನಾಟಕದ ಕಂಪನಿ ಸೇರಿದಾಗ, ಇಬ್ಬರು ಒಳಹೊಕ್ಕು ಕುಣಿಸುವ ಬಟ್ಟೆಯ ಕುದುರೆಗೆ ಮುಂಗಾಲು ಅವನು, ಹಿಂಗಾಲು ನಾನು. “ಲೋ ಓವನ್, ನಿಂಗೆ ನಟನೆ ಬರಲ್ಲ ಕಣೋ. ಆದ್ರೆ ಜನ ಎಲ್ಲಿ ನಗ್ತಾರೆ ಅಂತ ನಿನ್ನ ಮೂಗಿಗೆ ಗೊತ್ತಾಗುತ್ತೆ” ಎಂದು ನನ್ನನ್ನು ಈ ದಂಧೆಗೆ ನೂಕಿದವನೇ ಅವನು. 1912ರಲ್ಲಿ ಈಡನ್‌ಡೇಲಿನ ಕುದುರೆ ಲಾಯ ಬಾಡಿಗೆಗೆ ಹಿಡಿದೆವು. ಬಿಸಿಲಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿ, ವಾರಕ್ಕೊಂದು ಚಿತ್ರ ತೆಗೆದೆವು. ಬರೀ ನಗೆಯ ಚಿತ್ರಕ್ಕೇ ಒಂದು ಕಂಪನಿಯೇ ಎಂದು ಊರೆಲ್ಲ ಆಡಿಕೊಂಡಿತು. ಎರಡೇ ವರ್ಷದಲ್ಲಿ ಆಡಿಕೊಂಡವರೇ ಟಿಕೆಟಿಗೆ ಸಾಲು ನಿಂತರು. ನೀನು ಬಂದೆ, ಬಾರ್ನಿಯನ್ನು ಮದುವೆಯಾದೆ. ನಿಮ್ಮ ಮಗು ಆರು ತಿಂಗಳಿಗೇ ಹೋಯಿತು. ಅದರ ಗೋರಿಯ ಮೇಲೆ ಕೈಯಿಟ್ಟು ಅವನು ಇನ್ನು ಕುಡಿಯುವುದಿಲ್ಲ ಎಂದು ನಿನಗೆ ಆಣೆಯಿಟ್ಟಾಗ ನಾನೂ ಪಕ್ಕದಲ್ಲಿದ್ದೆ. ಅವನು ಆಣೆ ಮುರಿಯಲಿಲ್ಲ, ಲೆನೋರಾ. ಅವತ್ತೂ ಮುರಿಯಲಿಲ್ಲ. ಇದನ್ನು ಬರೆಯಲಿಕ್ಕೇ ಇಷ್ಟೆಲ್ಲ ಸುತ್ತಿ ಬಂದೆ.

ಅವತ್ತು ಅವನು ಸೂರಿನ ಮೇಲೆ ಹತ್ತಿ ನಿಂತಿದ್ದ. ಕೆಳಗೆ ಹುಲ್ಲಿನ ಮೆತ್ತೆ ಹಾಕಿತ್ತು. ಹ್ಯೂಗೋ ಕ್ಯಾಮೆರಾದಿಂದ ತಲೆಯೆತ್ತಿ, “ಯಜಮಾನ್ರೇ, ಮೆತ್ತೆ ಮೂಲೆ ಚಿತ್ರದೊಳಗೆ ಬರ್ತಿದೆ” ಎಂದ. ಸರಿಸಲು ಹೇಳಿದೆ. “ಇನ್ನೂ ಸರಿಸಿದ್ರೆ ಅವನು ನೆಲಕ್ಕೇ ಬೀಳ್ತಾನೆ. ಮೇಲಿರೋನಿಗೆ ಒಂದ್ಮಾತು ಹೇಳಿ, ಜಾಗ ಬದಲಾಯಿಸ್ಕೋತಾನೆ” ಎಂದ. ಬಿಸಿಲು ಗುಡ್ಡದ ಹಿಂದೆ ಸರಿಯುತ್ತಿತ್ತು. ಹೇಳುವಷ್ಟು ವ್ಯವಧಾನ ನನಗಿರಲಿಲ್ಲ, ಮೆತ್ತೆಯನ್ನು ನಾನೇ ಎಳೆದು ಸರಿಸಿದೆ. ಅವನು ಕೆಳಗೆ ನೋಡದೆ, ಬೆನ್ನು ತಿರುಗಿಸಿ, ಬೀಳಲು ನನ್ನ ಸಿಳ್ಳೆಗೆ ಕಾಯುತ್ತಿದ್ದ. ನಾನು ಸಿಳ್ಳೆ ಹಾಕಿದೆ.

ಅವನ ನಡು ಮುರಿದದ್ದನ್ನು ನಾವಿಬ್ಬರೂ ನೋಡಿದೆವು. ಕುಡಿದು ಹತ್ತಿದ್ದಕ್ಕೇ ಬಿದ್ದ ಎಂದು ಯಾರೋ ಅಂದರು. ನಾನು ಅಲ್ಲ ಎನ್ನಲಿಲ್ಲ. ನೀನು ಅವನ ಮೇಲೆ ಬಗ್ಗಿ, ಕೋಟು ಮೂಸಿ, ಮೆಲ್ಲಗೆ ಎದ್ದು ನಿಂತೆ. ನಿನ್ನ ಮುಖದಲ್ಲಿ ಬಣ್ಣವೊಂದೇ ಉಳಿದಿತ್ತು. “ಮಗು ಆಣೆ ಅದು, ಓವನ್. ಮಗು ಆಣೆ” ಎಂದು ಎರಡು ಸಲ ಹೇಳಿ ಹೊರಟುಹೋದೆ. ತಪ್ಪು ನನ್ನದೆಂದರೆ ಕಂಪನಿ ಮುಚ್ಚುತ್ತಿತ್ತು. ನಲವತ್ತು ಜನರ ಅನ್ನದ ಪ್ರಶ್ನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅಷ್ಟೇ ಆಗಿದ್ದರೆ ಇವತ್ತು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನೀನು ಅವನ ಆರೈಕೆಗೆ ಕೂತುಬಿಟ್ಟರೆ ನನಗೆ ಬಾರ್ನಿಯೂ ಇಲ್ಲ, ಲೆನೋರಾಳೂ ಇಲ್ಲ. ಆ ಲೆಕ್ಕಾಚಾರ ನನ್ನ ತಲೆಯಲ್ಲಿ ಆಗಲೇ ನಡೆದಿತ್ತು, ಅವನಿನ್ನೂ ನೆಲದ ಮೇಲಿರುವಾಗಲೇ.

ಮೂರು ವಾರದ ಮೇಲೆ ನಿನ್ನ ಅಕ್ಕನ ಮನೆಗೆ ಬಂದು, ಅವನು ನಿನ್ನ ಮುಖ ನೋಡಲು ಇಷ್ಟಪಡುತ್ತಿಲ್ಲ ಎಂದು ಹೇಳಿದೆ. ಆಸ್ಪತ್ರೆಯಲ್ಲಿ ಅವನಿಗೆ, ನೀನು ಬರುವುದಿಲ್ಲ ಎಂದೆ. ನಮ್ಮವರು ಯಾರೂ ಅವನ ಹತ್ತಿರ ಸುಳಿಯದಂತೆ ನೋಡಿಕೊಂಡೆ. ನಿನ್ನನ್ನು ಮತ್ತೆ ಕರೆತಂದೆ, ನಾಯಕಿಯಾಗಿ ಮಾಡಿದೆ. ಆರು ವರ್ಷ ನೀನು ಬಿದ್ದೆ, ಎದ್ದೆ, ಹಿಟ್ಟಿನಲ್ಲಿ ಹೊರಳಿದೆ, ದೇಶ ನಿನ್ನನ್ನು ನೋಡಿ ನಕ್ಕಿತು. ಬಾರ್ನಿ ಬಿದ್ದದ್ದನ್ನೂ ನಾನು ಬಿಡಲಿಲ್ಲ, ಚಿತ್ರಕ್ಕೆ ಸೇರಿಸಿದೆ. ನನಗೆ ದೊಡ್ಡ ಹೆಸರು ತಂದದ್ದೇ ಆ ಚಿತ್ರ.

ಶಾಲೆಯಿಂದ ಬಂದ ಮೇಲೆ ಒಂದು ವಾರ ಅವನನ್ನು ಹುಡುಕಿದೆ. ಸ್ಯಾನ್ ಪೆಡ್ರೊ ಬಂದರಿನ ಹತ್ತಿರ ಬೂಟು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಗಾಲಿ ಕುರ್ಚಿಯಲ್ಲಿ ಕೂತು ಮೀನುಗಾರರ ಬೂಟಿಗೆ ಮೊಳೆ ಹೊಡೆಯುತ್ತಿದ್ದ. ಬಾಗಿಲಲ್ಲಿ ನನ್ನನ್ನು ನೋಡಿದವನೇ ಬಾಯಲ್ಲಿದ್ದ ಮೊಳೆಗಳನ್ನು ಉಗುಳಿ, “ಓಹೋ, ಹಿಂಗಾಲು ಬಂತು! ಏನ್ ಸವೆದಿದೆ ಯಜಮಾನ್ರೇ, ಬೂಟಾ, ಮನಸ್ಸಾ?” ಎಂದ.

ಮೆತ್ತೆಯ ವಿಷಯ ಹೇಳಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ. “ಗೊತ್ತು ಬಿಡು. ಬೀಳ್ತಾ ಇರುವಾಗಲೇ ನೋಡ್ದೆ. ಅಯ್ಯೋ, ಈ ಬೆಪ್ಪ ಮೆತ್ತೆ ಸರಿಸಿಬಿಟ್ಟಿದ್ದಾನೆ ಅಂದ್ಕೊಂಡೆ. ಅಷ್ಟರಲ್ಲಿ ನೆಲ ಬಂತು.” ಆಮೇಲೆ ಕೇಳಿದ, “ಅದು ಹೇಗೆ ಬಂದಿತ್ತು? ನಾನು ನೋಡೇ ಇಲ್ಲ. ಜನ ನಕ್ಕರಾ?”

ನಕ್ಕರು ಎಂದೆ.

“ಸದ್ಯ, ದಂಡ ಆಗಲಿಲ್ಲ” ಎಂದು ಮತ್ತೆ ಸುತ್ತಿಗೆ ಎತ್ತಿಕೊಂಡ.

ನಿನ್ನ ಮಾತು ತೆಗೆದವನೂ ಅವನೇ. “ಲೆನೋರಾನ ಯಾರೂ ತಪ್ಪು ಅನ್ನಬಾರದು. ಇಪ್ಪತ್ತೆರಡರ ಹುಡುಗಿ, ಕಾಲಿಲ್ಲದವನನ್ನ ಕಟ್ಕೊಂಡು ಏನ್ ಮಾಡ್ತಿದ್ಲು? ಹೋಗಿದ್ದೇ ಒಳ್ಳೇದಾಯ್ತು. ಆದ್ರೂ ಒಂದ್ಸಲ ಬಂದು ಹೇಳಿ ಹೋಗಬಹುದಿತ್ತು ಕಣೋ.”

ಅವನಿಗೆ ಕುಡಿತದ ಸುಳ್ಳೇ ಗೊತ್ತಿಲ್ಲ. ಕಾಲು ಹೋದದ್ದಕ್ಕೆ ನೀನು ಬಿಟ್ಟುಹೋದೆ ಎಂದು ಅವನು, ಆಣೆ ಮುರಿದ ಎಂದು ನೀನು. ಇಬ್ಬರ ನಡುವೆ ನಾನೊಬ್ಬನೇ ಎರಡನ್ನೂ ಬಲ್ಲವನಾಗಿ ದೊಡ್ಡ ಮನುಷ್ಯನಾದೆ. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಮೆತ್ತೆಗೆ ಸಿಕ್ಕ ಕ್ಷಮೆಯನ್ನು ಜೇಬಿಗೆ ಹಾಕಿಕೊಂಡು, ಬೂಟಿನ ಹಿಮ್ಮಡಿ ಬಡಿಸಿಕೊಂಡು, ಕಳ್ಳನ ಹಾಗೆ ಬಂದುಬಿಟ್ಟೆ.

ಮುಖ ನೋಡಿ ಹೇಳಲಾಗದ್ದನ್ನು ಕಾಗದದಲ್ಲಿ ಹೇಳುವುದೂ ಹೇಡಿತನವೇ. ಅವನಿಗೂ ಇವತ್ತೇ ಒಂದು ಪತ್ರ ಹಾಕುತ್ತಿದ್ದೇನೆ. ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ. ನೀನು ಕ್ಷಮಿಸಬೇಕಾದ ತಪ್ಪು ಅವನದೇನೂ ಇಲ್ಲ, ಅದೊಂದು ಗೊತ್ತಿರಲಿ.

ತಲೆ ತಗ್ಗಿಸಿದ,
ಓವನ್ ಪ್ರಾಸರ್

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದೆ. ‘ಯಾರೋ ಅಂದರು’ ಎಂದು ಮೇಲೆ ಬರೆದಿದ್ದೇನೆ. ಯಾರೂ ಅನ್ನಲಿಲ್ಲ. ನೀನು ನೀರಿಗೆ ಓಡಿದ್ದೆ, ಹ್ಯೂಗೋ ಡಾಕ್ಟರನ್ನು ಕರೆಯಲು ಓಡಿದ್ದ. ಅಷ್ಟರಲ್ಲಿ ಬಾರ್ನಿಗೆ ಪ್ರಜ್ಞೆ ತಪ್ಪಿತ್ತು. ನನ್ನ ಜೇಬಿನಲ್ಲಿದ್ದ ವಿಸ್ಕಿಯನ್ನು ಅವನ ಕೋಟಿನ ಮೇಲೆ ಸುರಿದವನು ನಾನು. ಅವನ ಪತ್ರದಲ್ಲೂ ಇದನ್ನು ಈಗ ಸೇರಿಸಿದ್ದೇನೆ. ಅಂಗಡಿ ಇರುವುದು ಬಂದರಿನ ಎದುರು, ಮೀನು ಮಾರುಕಟ್ಟೆಯ ಪಕ್ಕದ ಸಂದಿಯಲ್ಲಿ. ಬಾಗಿಲಿಗೆ ಹಸಿರು ಬಣ್ಣ. ಭಾನುವಾರ ರಜೆ.