ನೀನು ತೋಡಿದ ಬಾವಿಗೆ ಹನ್ನೆರಡು ಹೆಜ್ಜೆ

ಅಪ್ಪಾ,

ನಮ್ಮ ಹಿತ್ತಲ ಬಾವಿಗೆ ನೀರು ಬಿದ್ದ ದಿನ ನೀನು ಒದ್ದೆ ಮರಳನ್ನು ಅಂಗೈಯಲ್ಲಿ ಹಿಡಿದು ಮೇಲೆ ಬಂದಿದ್ದೆ. "ಹೊಳಿ ಉಸುಕು ನೀರನ್ನ ಸೋಸಿ ಕೊಡತೈತಿ ಮಗಳ" ಅಂದಿದ್ದೆ. ಆ ಮಾತಿನ ಹಿಂದೆಯೇ ಹೋಗಿ ಓದಿದೆ. ಕಾರವಾರದ ಕಡಲದಂಡೆಯ ಮರಳಿನಲ್ಲಿ ಬ್ಯಾಕ್ಟೀರಿಯಾ ಎಷ್ಟು ದೂರ, ಎಷ್ಟು ಬೇಗ ಹರಿದು ಅಂತರ್ಜಲ ಸೇರುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಈಗ ನನ್ನ ಕೆಲಸ. ಉಸುಕು ಎಲ್ಲವನ್ನೂ ಸೋಸುವುದಿಲ್ಲ ಅಪ್ಪಾ. ದಪ್ಪ ಉಸುಕಾದರೆ, ಮಳೆಗೆ ನೀರಿನ ಮಟ್ಟ ಮೇಲೆದ್ದರೆ... ನಿನಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನೀನು...

ಈ ಮಳೆಗಾಲದಲ್ಲಿ ನಮ್ಮೂರು ರಾಮದುರ್ಗಕ್ಕೆ ಬಂದಾಗ ಪಕ್ಕದ ಮನೆಯ ಗಂಗವ್ವ ತನ್ನ ಹೊಸ ಪಾಯಖಾನೆ ತೋರಿಸಲು ಕೈಹಿಡಿದು ಎಳೆದುಕೊಂಡು ಹೋದಳು. ಅದರ ಗುಂಡಿಯಿಂದ ನಮ್ಮ ಬಾವಿಗೆ ಹನ್ನೆರಡೇ ಹೆಜ್ಜೆ. ನಗುತ್ತಲೇ ಇನ್ನೊಂದು ಸಲ ಎಣಿಸಿದೆ. ಓಣಿಯೆಲ್ಲ ಕುಡಿಯುವುದು ಅದೇ ನೀರಲ್ಲವೇ? ಕಡಲದಂಡೆಗೆಂದು ಮಾಡಿದ ಕಂಪ್ಯೂಟರ್ ಮಾದರಿಗೆ ನಮ್ಮ ಮರಳು, ನಮ್ಮ ಇಳಿಜಾರಿನ ವಿವರ ಕೊಟ್ಟು ನೋಡಿದೆ. ಬ್ಯಾಕ್ಟೀರಿಯಾ ಸಾಯುವ ಮೊದಲೇ ಬಾವಿ ಮುಟ್ಟುತ್ತವೆ ಎಂದಿತು. ನನ್ನ ಲೆಕ್ಕ ತಪ್ಪಿರಲಿ ಎಂದು ಮೊದಲ ಸಲ ಬೇಡಿಕೊಂಡೆ. ನೀರಿನ ಪರೀಕ್ಷೆ ಮಾಡಿಸಿದೆ. ತಪ್ಪಿರಲಿಲ್ಲ.

ಅವ್ವನಿಗೆ ಹೇಳಿದಾಗ ಅವಳು ಕೊಡ ಕೆಳಗಿಟ್ಟು, "ನಿಮ್ಮಪ್ಪ ತೋಡಿದ ನೀರಿಗೆ ಕೆಟ್ಟ ಹೆಸರಿಡತೀಯೇನ?" ಅಂದಳು. ಗಂಗವ್ವನಿಗೆ ಹೇಳುವುದು ಇನ್ನೂ ಕಷ್ಟವಾಯಿತು. "ಕತ್ತಲಾಗೋದನ್ನ ಕಾಯ್ಕೊಂತ ಕಾಯ್ಕೊಂತ ಮುದುಕಿ ಆಗೇನಿ. ಈಗ ಇದನ್ನೂ ಮುಚ್ಚು ಅಂದ್ರ ನಾ ಎಲ್ಲಿಗೆ ಹೋಗ್ಲಿ?"

ನೀನಿದ್ದರೆ ಏನು ಹೇಳುತ್ತಿದ್ದೆ? ನನಗೆ ತೋಚಿದ್ದು ಒಂದೇ. ನಮ್ಮ ಹಿತ್ತಲಿನಲ್ಲಿ ಬಾವಿಗೆ ದೂರದ, ಇಳಿಜಾರಿನ ಕೆಳತುದಿಯಲ್ಲಿ ನೆಲದೊಳಗಿನ ನೀರು ಬಾವಿಯಿಂದ ಆಚೆಗೆ ಸರಿಯುತ್ತದೆ, ಮುಂದೆ ಬೇರೆ ಬಾವಿಯೂ ಇಲ್ಲ. ಅಲ್ಲಿ ಅವಳ ಗುಂಡಿಗೆ ಜಾಗ ಕೊಟ್ಟೆ, ನಿನ್ನನ್ನು ಕೇಳದೆ. ಗಂಗವ್ವ ಆ ತುದಿಯವರೆಗೂ ನಡೆದು ನೋಡಿ ಬಂದು, "ಪೈಪು ಅಲ್ಲೀತನಕ ಮುಟ್ಟತೈತೇನ?" ಅಂದಳು. ಮುಟ್ಟಿತು.

ಹಳೆಯ ಗುಂಡಿ ಬರಿದು ಮಾಡಿ ಮುಚ್ಚಿಸಿದ ಮೇಲೂ ಓಣಿಯವರು ವಾರಗಟ್ಟಲೆ ನೀರು ಕುದಿಸಿಯೇ ಕುಡಿದರು. ಎರಡು ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರೂ ನನಗೆ ಧೈರ್ಯ ಸಾಲಲಿಲ್ಲ. ಮೊನ್ನೆ ಮೂರನೆಯದೂ ಶುದ್ಧವೆಂದೇ ಬಂತು. ನಾನು ಆ ಹಾಳೆಯನ್ನು ಮತ್ತೆ ಮತ್ತೆ ಓದುತ್ತಿರುವಾಗಲೇ ಅವ್ವ ಕೊಡದಿಂದ ಕುದಿಸದ ನೀರನ್ನೇ ಒಂದು ತಂಬಿಗೆ ತುಂಬಿಕೊಂಡು ಗಟಗಟ ಕುಡಿದುಬಿಟ್ಟಳು. ಎರಡು ದಿನ ಅವಳ ಮುಖವನ್ನೇ ನೋಡುತ್ತಿದ್ದೆ. "ಹಂಗ್ಯಾಕ ನೋಡತೀ? ನೀನೂ ಕುಡಿ" ಅಂದಳು.

ಇವತ್ತು ಬೆಳಿಗ್ಗೆ ಕುಡಿದೆ, ಅಪ್ಪಾ. ಮುಂದಿನ ಮಳೆಗೂ ಬಂದು ನೋಡುತ್ತೇನೆ.

ನಿನ್ನ ಮಗಳು