ಟ್ಯಾಂಕನ್ನು ಬಾಲಕ್ಕೇ ಮರಳಿಸುವ ಕುರಿತು

ಸಮಸ್ತ ಗಗನಮಂಡಲದ ಒಡೆಯರೂ, ರೆಕ್ಕೆ-ಬಾಲಗಳ ಮರ್ಮ ಬಲ್ಲವರೂ, ಮುಂದಿನ ತಿಂಗಳು ನಮ್ಮಕ್ಕನ ಕೈಹಿಡಿಯಲಿರುವವರೂ ಆದ ಭಾವನವರ ದಿವ್ಯ ಸನ್ನಿಧಾನಕ್ಕೆ,

ಮೊನ್ನೆ ಭಾನುವಾರ ತಾವು ನಮ್ಮನೆಗೆ ಚಿತ್ತೈಸಿದಾಗ, ನಾನೂ ಅಕ್ಕನೂ ಕಂಪ್ಯೂಟರ್ ಆಟದಲ್ಲಿ ಕಟ್ಟಿದ ವಿಮಾನವನ್ನು ನೋಡಿ, "ಇದ್ರ ಬಾಲಾನೇ ಭಾರ ಕಣೋ, ಅದಕ್ಕೇ ಮೂತಿ ಎತ್ತುತ್ತೆ" ಎಂದು ಅಪ್ಪಣೆ ಕೊಡಿಸಿದಿರಿ. ಬಾಲದಲ್ಲಿದ್ದ ಇಂಧನದ ಟ್ಯಾಂಕನ್ನು ಮುಂದಕ್ಕೆ ಎಳೆದಿರಿ. ಯಾರೂ ಮುಟ್ಟದಿದ್ದರೂ ವಿಮಾನ ಗೆರೆ ಎಳೆದ ಹಾಗೆ ಹಾರಿತು. ಅಕ್ಕ ಚಪ್ಪಾಳೆ ಹೊಡೆದಳು. ಆಗ ನನ್ನ ಹೊಟ್ಟೆಯಲ್ಲಿ ಎದ್ದ ಉರಿಯಲ್ಲಿ ಮನೆಮಂದಿಗೆಲ್ಲ ಸ್ನಾನದ ನೀರು ಕಾಯಿಸಬಹುದಿತ್ತು.

ಮೊದಲೆಲ್ಲ ಆ ವಿಮಾನ ಹಾರಿಸಲು ಇಬ್ಬರು ಬೇಕಿತ್ತು. ನಾನು ಎಂಜಿನ್ ನೋಡಿಕೊಂಡರೆ, ಅಕ್ಕ ನನ್ನ ಕುರ್ಚಿಯ ಅರ್ಧವನ್ನು ಆಕ್ರಮಿಸಿ, ಮೂತಿ ಇಳಿಸುವ ಗುಂಡಿ ಒತ್ತಿ ಹಿಡಿದು, "ಲೋ ಕೋತಿ, ಬಿದ್ವಿ, ಬಿದ್ವಿ!" ಎಂದು ಕಿರುಚುತ್ತಿದ್ದಳು. ಈಗ ಕರೆದರೆ, "ಅದೇ ಹಾರುತ್ತಲ್ಲೋ, ನಾನ್ಯಾಕೆ?" ಎಂದು ಫೋನ್ ಹಿಡಿದು ಬಾಲ್ಕನಿಗೆ ಹೋಗುತ್ತಾಳೆ. ಆ ಕಡೆಯಿಂದ ಮಾತಾಡುವವರು ಯಾರೆಂದು ತಮಗೇ ಗೊತ್ತು.

ಆದ್ದರಿಂದ, ಮದುವೆಯ ತನಕ ಟ್ಯಾಂಕು ಬಾಲದಲ್ಲೇ ಇರಬೇಕೆಂದು ತಾವೇ ಅಕ್ಕನಿಗೆ ಹೇಳಬೇಕಾಗಿ ವಿನಂತಿ. ಈಗೀಗ ತಾವು ಹೇಳಿದ್ದನ್ನಷ್ಟೇ ಅವಳು ನಂಬುತ್ತಾಳೆ.

ಇಂತಿ,
ಇಡೀ ಕುರ್ಚಿಯಲ್ಲಿ ಒಬ್ಬನೇ ಕೂತಿರುವ
ತಮ್ಮ ಭಾವಮೈದುನ

ತಾ.ಕ.: ಟ್ಯಾಂಕು ಮುಂದಿದ್ದರೆ ನೇರ ಹಾರುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ವಿಮಾನ ಕಟ್ಟುವಾಗ ಅಕ್ಕ ಎದ್ದು ಹೋದ ಹೊತ್ತಲ್ಲಿ ಅದನ್ನು ಬಾಲಕ್ಕೆ ಸರಿಸಿಟ್ಟವನು ನಾನೇ. ಅವಳಿಗೆ ಮಾತ್ರ ಹೇಳಬೇಡಿ, ಭಾವ.